ಗುರುತು ಒಂದೇ ಸಾಕು

ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಎಂದು ಹೇಳಲು ಗುರುತು ಒಂದೇ ಸಾಕು. ‘ಟಾಲ್’ನಂಥ ಚಿಕ್ಕ ಪದಕ್ಕೆ ‘ಎಸ್ಟ್’ ಸೇರಿ ‘ಟಾಲೆಸ್ಟ್’ ಆಗುತ್ತದೆ. ‘ಬ್ಯೂಟಿಫುಲ್’ನಂಥ ಉದ್ದ ಪದಕ್ಕೆ ಮೊದಲು ‘ಮೋಸ್ಟ್’ ಬರುತ್ತದೆ. ಎರಡನ್ನೂ ಹೇರಿ ‘ಮೋಸ್ಟ್ ಟಾಲೆಸ್ಟ್’ ಎಂದರೆ ಅರ್ಥವೇನೂ ಹೆಚ್ಚುವುದಿಲ್ಲ. ತುತ್ತತುದಿ ಮುಟ್ಟಿದ ಮೇಲೆ ಏರಲು ಇನ್ನೇನಿದೆ? ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಷೇಕ್ಸ್‌ಪಿಯರನೇ ಹೀಗೆ ಎರಡನ್ನೂ ಸೇರಿಸಿ ಬರೆದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರೆದದ್ದು ನಿಜ, ಅಂದು ಅದು ಸಲ್ಲುತ್ತಿತ್ತು. ಆದರೆ 18ನೇ ಶತಮಾನದ ವ್ಯಾಕರಣಕಾರರು ಅದನ್ನು ತಪ್ಪೆಂದರು. ಶಿಷ್ಟ ಬರವಣಿಗೆಯೂ ಅದನ್ನು ಕೈಬಿಟ್ಟಿದೆ. ಅರ್ಥವಾದರೆ ಸಾಲದೇ ಎಂದರೆ, ಹರಟೆಗೆ ಸಾಕು. ಪರೀಕ್ಷೆಗೆ, ಕೆಲಸದ ಅರ್ಜಿಗೆ ಸಾಲದು. ಒತ್ತಿ ಹೇಳಲೇಬೇಕಿದ್ದರೆ ‘ಬೈ ಫಾರ್ ದ ಟಾಲೆಸ್ಟ್’ ಎನ್ನಿ. ಒತ್ತೂ ಸಿಗುತ್ತದೆ, ವ್ಯಾಕರಣವೂ ಕೆಡುವುದಿಲ್ಲ.