ಬೆರಳು ಜೋಮು ಹಿಡಿದರೆ ಮೊದಲು ಹ್ಯಾಂಡಲ್ ನೋಡಿ

‘ಅಭ್ಯಾಸ ಆಗುತ್ತೆ ಬಿಡಿ ಸಾರ್.’ ಕೈ ಜೋಮು ಹಿಡಿಯುತ್ತದೆ ಎಂದು ಎಷ್ಟು ಸಲ ಹೇಳಿದರೂ ಸೈಕಲ್ ಅಂಗಡಿಯವನದು ಇದೊಂದೇ ಉತ್ತರ. ಆ ಮಾತು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಂದಿಬೆಟ್ಟ ಹತ್ತಿ ಇಳಿಯುತ್ತಿದ್ದೆ. ಎರಡೂ ಕೈಯ ಕಿರುಬೆರಳು, ಉಂಗುರ ಬೆರಳು ಸ್ಪರ್ಶವೇ ಇಲ್ಲದಂತಾದವು. ಮುಂದೆ ಕಡಿದಾದ ತಿರುವು, ಎದುರಿಗೆ ಹಾರ್ನ್ ಹೊಡೆಯುತ್ತ ಏರಿಬರುತ್ತಿದ್ದ ಕಾರು. ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ಕೈಗೇ ತಿಳಿಯುತ್ತಿಲ್ಲ, ಚಕ್ರ ಮಾತ್ರ ಉರುಳುತ್ತಲೇ ಇದೆ. ಉಳಿದ ಬೆರಳುಗಳನ್ನು ಲಿವರಿಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಹಿಂದಕ್ಕೆ ತಂದು ಎಳೆದೆ. ತಡೆಗೋಡೆಗೆ ಗೇಣು ದೂರವಿದ್ದಾಗ ಸೈಕಲ್ ನಿಂತಿತು. ಪಕ್ಕದಲ್ಲೇ ಕೂತು ನೀರು ಕುಡಿಯೋಣವೆಂದರೆ ಬಾಟಲಿಯ ಮುಚ್ಚಳ ತಿರುಗಿಸಲೂ ಆಗಲಿಲ್ಲ. ಮರುದಿನ ಅಂಗಿಯ ಗುಂಡಿ ಹಾಕಲು ಹೆಂಡತಿಯೇ ಬರಬೇಕಾಯಿತು.

ಅಂಗೈಯಲ್ಲಿ ಕಿರುಬೆರಳಿನ ಬದಿಗೆ, ಮಣಿಕಟ್ಟಿನ ಹತ್ತಿರ ಅಲ್ನಾರ್ ನರ ಹಾದುಹೋಗುತ್ತದೆ. ಮೈಭಾರ ಅಲ್ಲಿ ಬಿದ್ದು ನರ ಅದುಮಿದರೆ ಹೀಗಾಗುತ್ತದೆ ಎಂದರು ಡಾಕ್ಟರು. ಅಭ್ಯಾಸವಾಗುವ ಸಂಗತಿಯೇ ಅಲ್ಲ ಅದು.

ಬೇರೊಬ್ಬ ಮೆಕ್ಯಾನಿಕ್ ನನ್ನನ್ನು ಸೈಕಲ್ ಮೇಲೆ ಕೂರಿಸಿಯೇ ನೋಡಿದರು. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, 100 ಮಿಲಿಮೀಟರಿನದಿತ್ತು; ಅದನ್ನು ತೆಗೆದು 70ರದು ಹಾಕಿದರು. ಸ್ಟೆಮ್ ಕೆಳಗೆ ಸ್ಪೇಸರ್ ಬಳೆ ಕೊಟ್ಟು ಹ್ಯಾಂಡಲ್ ಎತ್ತರಿಸಿದರು. ನೇರ ಹ್ಯಾಂಡಲ್ ಬದಲು ಸವಾರನ ಕಡೆಗೆ ಬಾಗಿದ್ದನ್ನು ಕೂರಿಸಿದರು. ನಮ್ಮಪ್ಪನ ಕಪ್ಪು ಸೈಕಲ್ಲಿನ ಹ್ಯಾಂಡಲ್ ಕೂಡ ಹಾಗೇ ಬಾಗಿರುತ್ತಿತ್ತು, ಅವರು ಕೈನೋವು ಎಂದದ್ದು ನಾನು ಕೇಳಿಲ್ಲ.

ನೀವು ನೋಡಬೇಕಾದದ್ದು ಇಷ್ಟು. ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಮಡಚಿರಲಿ. ಬ್ರೇಕ್ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಮುರಿಯದೆ ಮುಂದೋಳಿನ ನೇರಕ್ಕಿರಲಿ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಭಾರವೆಲ್ಲ ಕೈಗೇ ಬರುತ್ತದೆ, ಅದನ್ನು ಮಟ್ಟಸ ಮಾಡಿಸಿ. ಹೊಸ ಹ್ಯಾಂಡಲ್ ಕೊಳ್ಳುವ ಮುನ್ನ ಸ್ಟೆಮ್ ಹಿಡಿಯುವ ಜಾಗದ ಅಳತೆ ತಾಳೆ ನೋಡಿ: 25.4 ಮಿಲಿಮೀಟರಿನದು 31.8ರ ಸ್ಟೆಮ್ಮಿಗೆ ಕೂರುವುದಿಲ್ಲ. ಬೋಲ್ಟನ್ನು ಸ್ಟೆಮ್ ಮೇಲೆ ಬರೆದಷ್ಟೇ ಬಿಗಿಸಿ.

ಅಂಗಡಿಯವರಲ್ಲಿ ನನ್ನ ಕೋರಿಕೆ ಒಂದೇ: ಗಿರಾಕಿಯನ್ನು ಕೂರಿಸಿ ನೋಡದೆ ಸೈಕಲ್ ಮಾರಬೇಡಿ. ಕೊಳ್ಳುವವರೂ ಅಷ್ಟೇ, ಬೆರಳು ಜೋಮು ಹಿಡಿದರೆ ಸಹಿಸಿಕೊಂಡು ಓಡಿಸಬೇಡಿ.