ಸಿರಸಂಗಿಯಿಂದ ನೈರೋಬಿಗೆ: ಒಂದು ಪ್ರವಾಸದ ಕ್ರಿಟಿಕಲ್ ಪಾತ್

ಕ್ರಿಟಿಕಲ್ ಪಾತ್ ಮೆಥಡ್, ಅಂದ್ರೆ ಸಿಪಿಎಂ ಬಗ್ಗೆ ಸೀನಿಯರ್‌ಗಳ ನೋಟ್ಸ್‌ನಲ್ಲಿ ಓದಿರ್ತೀರಿ. 1957ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಕೆಲಸಕ್ಕಾಗಿ ಕೆಲ್ಲಿ ಮತ್ತು ವಾಕರ್ ಇದನ್ನು ರೂಪಿಸಿದರು. ನೋಟ್ಸ್‌ನಲ್ಲಿ ಉದಾಹರಣೆ ಮಾತ್ರ ಯಾವಾಗಲೂ ಒಂದೇ: ಕಟ್ಟಡ ಕಟ್ಟೋದು. ನಾವು ಈ ಸಲ ಒಂದು ಪ್ರವಾಸವನ್ನೇ ಉದಾಹರಣೆ ಮಾಡಿಕೊಂಡಿದ್ದೇವೆ. ಇದರಲ್ಲಿ ನಾವು ಮಾಡಿದ ಒಂದು ತಪ್ಪೂ ಇದೆ.

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ಜನ. ಒಬ್ಬ ಸವದತ್ತಿ ತಾಲ್ಲೂಕಿನ ಸಿರಸಂಗಿಯವನು. ಅವನ ಅಕ್ಕ ಕೀನ್ಯಾದ ನೈರೋಬಿಯಲ್ಲಿದ್ದಾಳೆ. ಮಾರ್ಚ್ ಮಧ್ಯದಲ್ಲಿ ಅವಳಿಗೆ ಹೆಣ್ಣು ಮಗು ಆಯಿತು. ಕೂಸನ್ನು ನೋಡಲು ಅಪ್ಪ, ಅವ್ವ ಮತ್ತು 68 ವರ್ಷದ ಆಯಿ (ಅವರ ಮನ್ಯಾಗ ಅಜ್ಜಿಗೆ ಹಂಗ ಕರೀತಾರ) ಹೋಗಬೇಕು. ಮೂವರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ. ಅಪ್ಪ ಫೋನ್ ಮಾಡಿ, "ನೀವು ಇಂಜಿನಿಯರಿಂಗ್ ಓದಾಕತ್ತೀರಲ್ಲ, ಪ್ಲಾನ್ ಮಾಡಿಕೊಡ್ರಪಾ" ಅಂದರು.

ಮೊದಲ ಪ್ರಶ್ನೆ: ಯಾವ ತಿಂಗಳು? ಕೀನ್ಯಾದಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಸೆಪ್ಟೆಂಬರ್ ಒಣ ತಿಂಗಳು. ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ಹಿಂಡುಗಳು ಕಾಣುವ ಕಾಲವೂ ಹೌದು. ಇನ್ನು ಸಿರಸಂಗಿ ಕಡೆಯ ಲೆಕ್ಕ. ಆಗಸ್ಟ್‌ನಲ್ಲಿ ಹೆಸರು ಬಿಡಿಸಿ ಮುಗಿಯುತ್ತದೆ. ಎರೆ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್ ಎರಡನೇ ಅರ್ಧದಲ್ಲಿ ಶುರು. ಎರಡೂ ಕ್ಯಾಲೆಂಡರ್ ಕೂಡಿಸಿದರೆ ಉಳಿಯೋದು ಸೆಪ್ಟೆಂಬರ್‌ನ ಮೊದಲ ಎರಡು ವಾರ. ಹೊರಡುವ ದಿನ ಸೆಪ್ಟೆಂಬರ್ 1 ಅಂತ ಗಟ್ಟಿ ಮಾಡಿದೆವು.

ಈಗ ಕೆಲಸಗಳು. ದಿನಗಳು ನಮ್ಮ ಅಂದಾಜು.

ಅ. ಪಾಸ್‌ಪೋರ್ಟ್, ಪೊಲೀಸ್ ವೆರಿಫಿಕೇಶನ್ ಸೇರಿ: 45 ದಿನ.
ಆ. ಲಸಿಕೆ ಬಗ್ಗೆ ಆಯಿಗೆ ಡಾಕ್ಟರ್ ಸಲಹೆ: 3 ದಿನ.
ಇ. ಯೆಲ್ಲೋ ಫೀವರ್ ಲಸಿಕೆಗೆ ಸರದಿ ಸಿಗಲು: 10 ದಿನ. ಅ, ಆ ಎರಡೂ ಮುಗಿದ ಮೇಲೆ.
ಈ. ಲಸಿಕೆ ನಂತರ ಕಾಯುವುದು: 10 ದಿನ.
ಉ. ಟಿಕೆಟ್: 2 ದಿನ. ಅ, ಆ ಮುಗಿದ ಮೇಲೆ.
ಊ. ಕೀನ್ಯಾದ ಇಟಿಎ ಅನುಮತಿ: 5 ದಿನ. ಉ ಮುಗಿದ ಮೇಲೆ.

ಸ್ವಲ್ಪ ವಿವರಣೆ. ಈ ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರ್ಟಿಫಿಕೇಟ್‌ಗೆ ಪಾಸ್‌ಪೋರ್ಟ್ ಬೇಕು. ಹಾಕಿಸಿಕೊಂಡ 10 ದಿನದ ನಂತರವೇ ಅದು ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಇಟಿಎ ಅನ್ನೋದು 2024ರ ಜನವರಿಯಿಂದ ಕೀನ್ಯಾ ವೀಸಾ ಬದಲು ತಂದ ಆನ್‌ಲೈನ್ ವ್ಯವಸ್ಥೆ.

ಲೆಕ್ಕ ನೋಡಿ. ಅ-ಇ-ಈ ದಾರಿ: 45+10+10 = 65 ದಿನ. ಅ-ಉ-ಊ ದಾರಿ: 45+2+5 = 52 ದಿನ. ಉದ್ದ ಇರೋದೇ ಕ್ರಿಟಿಕಲ್ ಪಾತ್, ಅಂದ್ರೆ 65. ಸೆಪ್ಟೆಂಬರ್ 1ರಿಂದ ಹಿಂದಕ್ಕೆ ಎಣಿಸಿದರೆ ಜೂನ್ 28. ಎರಡು ವಾರ ಕೈಕಾಯ್ದಿಟ್ಟು ಜೂನ್ 14ರೊಳಗೆ ಅರ್ಜಿ ಹಾಕಬೇಕು ಅಂತ ತೀರ್ಮಾನಿಸಿದೆವು. ಆ-ಇ-ಈ ದಾರಿ 3+10+10 = 23 ದಿನ ಮಾತ್ರ. ಅಂದರೆ ಡಾಕ್ಟರ್ ಸಲಹೆಗೆ 65-23 = 42 ದಿನದ ಸ್ಲ್ಯಾಕ್. ಅಷ್ಟು ದಿನ ತಡ ಆದರೂ ಪ್ರಾಜೆಕ್ಟ್ ತಡ ಆಗೋದಿಲ್ಲ.

ನಾವು ತಪ್ಪಿದ್ದು ಇಲ್ಲೇ. ಸ್ಲ್ಯಾಕ್ ಇದೆಯಲ್ಲ ಅಂತ ಡಾಕ್ಟರ್ ಕೆಲಸ ಮುಂದೂಡಿದೆವು. ಮೂವರೂ ಬೆಳಗಾವಿಗೆ ಹೋಗಿ ಬೆರಳಚ್ಚು, ಫೋಟೊ ಕೊಟ್ಟು ಬಂದರು. ಒಬ್ಬೊಬ್ಬರಿಗೆ ಸಾವಿರಾರು ರೂಪಾಯಿ ಖರ್ಚು ಬಂತು. ಆಯಿ ಕಾಳಮ್ಮನ ಗುಡಿಗೆ ಹೋದಾಗೆಲ್ಲ "ಆಫ್ರಿಕಾಕ್ಕ ಹೊಂಟೀನಿ" ಅಂತ ಸಿಕ್ಕವರಿಗೆಲ್ಲ ಹೇಳಿದರು. ಮರಿಮೊಮ್ಮಗಳಿಗೆ ಹಳೇ ಇಲಕಲ್ ಸೀರೆಯಲ್ಲಿ ಕೌದಿ ಹೊಲಿಯಲು ಕೂತರು.

ಜುಲೈನಲ್ಲಿ ಪಾಸ್‌ಪೋರ್ಟ್ ಬಂದವು. ಆಮೇಲೆ ಡಾಕ್ಟರ್ ಹತ್ತಿರ ಹೋದರು. ಯೆಲ್ಲೋ ಫೀವರ್ ಲಸಿಕೆಯಲ್ಲಿ ಇರೋದು ಬಲ ಕುಂದಿಸಿದ ಜೀವಂತ ವೈರಸ್. 60 ದಾಟಿದವರಲ್ಲಿ ಗಂಭೀರ ಅಡ್ಡಪರಿಣಾಮ ಅಪರೂಪವಾದರೂ ಉಳಿದವರಿಗಿಂತ ಹೆಚ್ಚು. ಆಯಿಗೆ ಮೊದಲೇ ಬೇರೆ ತೊಂದರೆಗಳಿದ್ದವು. ಡಾಕ್ಟರ್ "ಇವರಿಗೆ ಬೇಡ" ಅಂದರು.

ಟಿಕೆಟ್ ಇನ್ನೂ ತೆಗೆದಿರಲಿಲ್ಲ, ನೆಟ್‌ವರ್ಕ್ ಚಿತ್ರ ಅಷ್ಟನ್ನು ಉಳಿಸಿತು. ಆದರೆ ಆಯಿಯ ಆರು ವಾರದ ಆಸೆಗೆ ನಮ್ಮ ಚಿತ್ರದಲ್ಲಿ ಜಾಗವೇ ಇರಲಿಲ್ಲ. ಪಾಠ ಇಷ್ಟು: ಸಿಪಿಎಂ ಪ್ರತಿ ಕೆಲಸವೂ ಆಗಿಯೇ ಆಗುತ್ತದೆ ಅಂತ ಹಿಡಿದುಕೊಂಡು, ಎಷ್ಟು ದಿನ ಅಂತ ಮಾತ್ರ ಕೇಳುತ್ತದೆ. "ಇಲ್ಲ" ಅನ್ನೋ ಉತ್ತರ ಬರಬಹುದಾದ ಕೆಲಸ ಯಾವುದು ಅಂತ ನಾವೇ ಕೇಳಿಕೊಳ್ಳಬೇಕು. ಅಂಥ ಕೆಲಸಕ್ಕೆ ಎಷ್ಟೇ ಸ್ಲ್ಯಾಕ್ ಇರಲಿ, ಅದನ್ನೇ ಮೊದಲು ಮುಗಿಸಿ. ಆಯಿಗೆ ಡಾಕ್ಟರ್ ಹತ್ತಿರ ಹೋಗಲು ಪಾಸ್‌ಪೋರ್ಟ್ ಬೇಕಿರಲಿಲ್ಲ, ಮೊದಲ ದಿನವೇ ಹೋಗಬಹುದಿತ್ತು.

ಈಗ ಅಪ್ಪ, ಅವ್ವ ಇಬ್ಬರೇ ಹೊರಟಿದ್ದಾರೆ. ಲಸಿಕೆ ಆಗಿದೆ. ನೈರೋಬಿ ಸಮಭಾಜಕ ವೃತ್ತದ ಹತ್ತಿರ ಇದ್ದರೂ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಸ್ವೆಟರ್ ಕಟ್ಟಿಸಿದೆವು. ಅಲ್ಲಿ ಕರೆಂಟ್ 240 ವೋಲ್ಟ್, 50 ಹರ್ಟ್ಜ್. ನಮ್ಮ ಮೊಬೈಲ್ ಚಾರ್ಜರ್ ನಡೆಯುತ್ತದೆ, ಪ್ಲಗ್ ಮಾತ್ರ ಚೌಕ ಪಿನ್ನಿನದು, ಅಡಾಪ್ಟರ್ ಬೇಕು. ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಕೌದಿ ಇದೆ.

ಮೊನ್ನೆ ಫೋನಿನಲ್ಲಿ ಆಯಿ, "ಕೂಸಿನ್ನ ಇಲ್ಲಿಗೇ ಕರಕೊಂಡ ಬರಾಕ ಹೇಳ್ರಿ. ಅದಕ್ಕೂ ಸೂಜಿ ಬೇಕೇನ?" ಅಂತ ಕೇಳಿದರು. ಬೇಕು ಆಯಿ. ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಈ ಲಸಿಕೆ ಹಾಕುತ್ತಾರೆ. ಕೂಸಿಗೆ ಡಿಸೆಂಬರ್ ಮಧ್ಯಕ್ಕೆ 9 ತಿಂಗಳು, ಮೇಲೆ 10 ದಿನ. ಸಂಕ್ರಾಂತಿಗೆ ಸಿರಸಂಗಿ ಮುಟ್ಟಬಹುದು. ಹೊಸ ನೆಟ್‌ವರ್ಕ್ ಬರೆಯಲು ಕೂತಿದ್ದೇವೆ. ಈ ಸಲ ಮೊದಲನೇ ವೃತ್ತದಲ್ಲಿ ಬರೆದದ್ದು: ಕೂಸಿನ ಡಾಕ್ಟರನ್ನು ಕೇಳುವುದು.