ಕಚೇರಿಯ ಗಣಕಯಂತ್ರಗಳಲ್ಲಿ ಕಡತಗಳ ರಕ್ಷಣೆ: ತಾನಾಗಿ ಸಿದ್ಧವಾಗುವ ಮೀಸಲು ಪ್ರತಿ

ಟೈಪ್‌ರೈಟರ್‌ಗಳ ಕಾಲದ ಕಚೇರಿಗಳಲ್ಲಿ ಪತ್ರವೊಂದನ್ನು ಬೆರಳಚ್ಚು ಮಾಡುವಾಗ ಎರಡು ಹಾಳೆಗಳ ನಡುವೆ ಕಾರ್ಬನ್ ಕಾಗದವನ್ನು ಇಡುವುದು ವಾಡಿಕೆಯಾಗಿತ್ತು. ಮೂಲ ಪ್ರತಿ ಅಂಚೆಗೆ ಹೋಗುತ್ತಿತ್ತು; ಕಚೇರಿ ಪ್ರತಿ ಕಡತವನ್ನು ಸೇರುತ್ತಿತ್ತು. ನಕಲು ಮಾಡಬೇಕೆಂಬುದನ್ನು ಯಾರೂ ಬೇರೆಯಾಗಿ ನೆನಪಿಡಬೇಕಾಗಿರಲಿಲ್ಲ. ಗಣಕಯಂತ್ರಗಳು ಬಂದ ಮೇಲೆ ಈ ಅನುಕೂಲ ಸದ್ದಿಲ್ಲದೆ ಮರೆಯಾಯಿತು. ವೇತನಪಟ್ಟಿ, ದಾಸ್ತಾನು ಲೆಕ್ಕ, ಗ್ರಾಹಕರಿಂದ ಬರಬೇಕಾದ ಬಾಕಿ, ಭವಿಷ್ಯನಿಧಿಯ ವಿವರ ಇವೆಲ್ಲವೂ ಒಂದೇ ಡಿಸ್ಕಿನ ಮೇಲೆ ಒಂದೇ ಪ್ರತಿಯಾಗಿ ಉಳಿದಿರುವ ಸಣ್ಣ ಕಚೇರಿಗಳು ಇಂದಿಗೂ ಇವೆ. ಆ ಡಿಸ್ಕು ಕೆಟ್ಟ ದಿನ ನೌಕರನಿಗೆ ಸಿಗಬೇಕಾದ ಸಂಬಳಕ್ಕೂ, ಸರಬರಾಜುದಾರನಿಗೆ ಸಲ್ಲಬೇಕಾದ ಹಣಕ್ಕೂ ಆಧಾರವೇ ಇಲ್ಲದಂತಾಗುತ್ತದೆ.

ಈ ಕೊರತೆಯನ್ನು ತುಂಬಲು ಇರುವುದೇ ಬ್ಯಾಕಪ್ ತಂತ್ರಾಂಶ. ಬ್ಯಾಕಪ್ ಎಂದರೆ ಮೀಸಲು ಪ್ರತಿ. ಅದನ್ನು ಕೈಯಾರೆ ಮಾಡಿಕೊಳ್ಳಲೂಬಹುದು. ಆದರೆ ಕೈಯಾರೆ ಮಾಡುವ ಕೆಲಸ ಬಿಡುವಿದ್ದಾಗ ಮಾತ್ರ ನಡೆಯುತ್ತದೆ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ, ಎಂದರೆ ಪ್ರತಿಯ ಅಗತ್ಯ ಅತಿ ಹೆಚ್ಚಾಗಿರುವ ದಿನಗಳಲ್ಲಿಯೇ, ಯಾರಿಗೂ ಬಿಡುವಿರುವುದಿಲ್ಲ. ಆದುದರಿಂದ ನಿಗದಿತ ವೇಳೆಗೆ ಯಾರ ಅಪ್ಪಣೆಗೂ ಕಾಯದೆ ಪ್ರತಿ ತೆಗೆಯುವ ವ್ಯವಸ್ಥೆಯೇ ಮೇಲು. ಅದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ಇಲ್ಲಿ ವಿಚಾರ ಮಾಡಲಾಗಿದೆ.

ತಂತ್ರಾಂಶದ ಕಾರ್ಯವಿಧಾನ

ಕಚೇರಿಯ ಕಡತಗಳೆಲ್ಲ ಸೇರಿ 50 ಗಿಗಾಬೈಟ್ ಇವೆ ಎಂದು ಭಾವಿಸೋಣ. ಪ್ರತಿರಾತ್ರಿ ಎಲ್ಲವನ್ನೂ ನಕಲು ಮಾಡಿದರೆ ವಾರಕ್ಕೆ 350 ಗಿಗಾಬೈಟ್ ಸ್ಥಳ ಬೇಕು. ಆದರೆ ಒಂದು ದಿನದಲ್ಲಿ ಬದಲಾಗುವ ಭಾಗ ಅರ್ಧ ಗಿಗಾಬೈಟ್ ಮಾತ್ರ ಇದ್ದರೆ, ಮೊದಲ ದಿನ ಪೂರ್ಣ ಪ್ರತಿ ತೆಗೆದು ಉಳಿದ ಆರು ದಿನ ಬದಲಾದುದನ್ನಷ್ಟೇ ಸೇರಿಸಿದರೆ 53 ಗಿಗಾಬೈಟ್ ಸಾಕಾಗುತ್ತದೆ. ಇದನ್ನು ಏರಿಕೆಯ ಪ್ರತಿ ಎನ್ನಬಹುದು. ಇದರಲ್ಲಿ ಒಂದು ದೋಷವೂ ಉಂಟು. ಶನಿವಾರದ ಸ್ಥಿತಿಯನ್ನು ಮರಳಿ ಪಡೆಯಲು ಹಿಂದಿನ ಎಲ್ಲ ದಿನಗಳ ಕೊಂಡಿಗಳೂ ಸರಿಯಾಗಿರಬೇಕು. ಬುಧವಾರದ ಕೊಂಡಿ ಕೆಟ್ಟಿದ್ದರೆ ಮುಂದಿನ ದಿನಗಳ ಪ್ರತಿಗಳನ್ನು ನಂಬುವಂತಿಲ್ಲ. ಈ ಕಾರಣದಿಂದ ಆಗಾಗ ಹೊಸದಾಗಿ ಪೂರ್ಣ ಪ್ರತಿ ತೆಗೆಯುವಂತೆ ತಂತ್ರಾಂಶಕ್ಕೆ ಸೂಚನೆ ಕೊಟ್ಟಿರಬೇಕು.

ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಗುಮಾಸ್ತರೊಬ್ಬರು ಹೋದ ವರ್ಷದ ಪಟ್ಟಿಯ ಮೇಲೆ ಈ ವರ್ಷದ ಪಟ್ಟಿಯನ್ನು ಬರೆದುಬಿಟ್ಟಿದ್ದು ಹತ್ತು ದಿನಗಳ ನಂತರ ಗೊತ್ತಾಯಿತೆಂದರೆ, ನಿನ್ನೆ ರಾತ್ರಿಯ ಪ್ರತಿಯಲ್ಲಿಯೂ ಇರುವುದು ಅದೇ ತಪ್ಪು ಪಟ್ಟಿ. ಆಪಲ್ ಸಂಸ್ಥೆ 2007ರಲ್ಲಿ ಹೊರತಂದ ಟೈಮ್ ಮಶೀನ್ ಕಳೆದ 24 ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಡಿಸ್ಕು ತುಂಬುವವರೆಗೆ ಇಟ್ಟುಕೊಳ್ಳುತ್ತದೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫೈಲ್ ಹಿಸ್ಟರಿಯೂ ಇದೇ ಜಾತಿಯದು. ಇವುಗಳಿಗೆ ಬೇರೆ ಬೆಲೆ ತೆರಬೇಕಾಗಿಲ್ಲ.

ಆದರೆ ತಂತ್ರಾಂಶವು ತನಗೆ ತೋರಿಸಿಕೊಟ್ಟ ಜಾಗಗಳನ್ನು ಮಾತ್ರ ನೋಡುತ್ತದೆ ಎಂಬುದನ್ನು ಮರೆಯಬಾರದು. ಫೈಲ್ ಹಿಸ್ಟರಿಯಂತಹವು ಮೊದಲಿಗೆ ಬಳಕೆದಾರನ ಸ್ವಂತ ಫೋಲ್ಡರುಗಳನ್ನಷ್ಟೇ ಕಾಯುತ್ತವೆ. ಲೆಕ್ಕಪತ್ರದ ದತ್ತಾಂಶ ‘ಡಿ’ ಡ್ರೈವಿನ ಮೂಲೆಯೊಂದರಲ್ಲಿದ್ದರೆ, ಪತ್ರಗಳು, ಛಾಯಾಚಿತ್ರಗಳು ಸುರಕ್ಷಿತವಾಗಿ ಉಳಿದು ಲೆಕ್ಕಪತ್ರ ಮಾತ್ರ ಹೊರಗುಳಿಯುತ್ತದೆ. ಕಾರ್ಯಕ್ರಮವೊಂದು ತೆರೆದಿಟ್ಟುಕೊಂಡಿರುವ ಕಡತವನ್ನು ಕೆಲವು ತಂತ್ರಾಂಶಗಳು ನಕಲು ಮಾಡದೆ ಮುಂದೆ ಹೋಗುವುದೂ ಉಂಟು. ಸಂಜೆ ಲೆಕ್ಕದ ತಂತ್ರಾಂಶವನ್ನು ಮುಚ್ಚದೆ ಪರದೆಯನ್ನಷ್ಟೇ ಆರಿಸಿ ಮನೆಗೆ ಹೋಗುವ ಅಭ್ಯಾಸ ಇಂತಹ ಕಡೆ ಅಪಾಯಕಾರಿ.

ಜೊತೆ ಪ್ರತಿ ಬೇರೆ, ಮೀಸಲು ಪ್ರತಿ ಬೇರೆ

ಒಂದು ಯಂತ್ರದಲ್ಲಿ ಆದ ಬದಲಾವಣೆಯನ್ನು ಕ್ಷಣಮಾತ್ರದಲ್ಲಿ ಇನ್ನೊಂದಕ್ಕೆ ತಲುಪಿಸುವ ವ್ಯವಸ್ಥೆಯನ್ನು ಅನೇಕರು ಬ್ಯಾಕಪ್ ಎಂದೇ ತಿಳಿಯುತ್ತಾರೆ. ಅದು ಒಳ್ಳೆಯದನ್ನು ತಲುಪಿಸುವ ವೇಗದಲ್ಲಿಯೇ ಕೆಟ್ಟದ್ದನ್ನೂ ತಲುಪಿಸುತ್ತದೆ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಮೂಲಕ ಹರಡಿದ ನಾಟ್‌ಪೆಟ್ಯಾ ಎಂಬ ವಿನಾಶಕ ತಂತ್ರಾಂಶವು ಡೆನ್ಮಾರ್ಕಿನ ಮರ್ಸ್ಕ್ ಹಡಗು ಸಂಸ್ಥೆಯ ಯಂತ್ರಗಳನ್ನು ನಿಷ್ಕ್ರಿಯಗೊಳಿಸಿತು. ನವಿ ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹಕ್ಕೆ ಸೇರಿದ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತಗೊಂಡಿತು. ಯಾವ ಬಳಕೆದಾರನಿಗೆ ಯಾವ ಅಧಿಕಾರವೆಂಬುದನ್ನು ದಾಖಲಿಸಿಟ್ಟುಕೊಂಡಿದ್ದ ಸುಮಾರು 150 ಸರ್ವರ್‌ಗಳು ಸಂಸ್ಥೆಯಲ್ಲಿದ್ದವು. ಅವು ಒಂದನ್ನೊಂದು ನಕಲು ಮಾಡಿಕೊಳ್ಳುತ್ತಿದ್ದುದರಿಂದ ಇನ್ನೊಂದು ಪ್ರತಿ ಬೇಕಾಗಿಲ್ಲವೆಂಬ ನಂಬಿಕೆಯಿತ್ತು. ಎಲ್ಲವೂ ಒಮ್ಮೆಗೇ ಅಳಿಸಿಹೋಗಬಹುದೆಂದು ಯಾರೂ ಎಣಿಸಿರಲಿಲ್ಲ. ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಸರ್ವರ್ ಮಾತ್ರ ಉಳಿಯಿತು. ಆ ಹೊತ್ತಿನಲ್ಲಿ ಅಲ್ಲಿ ವಿದ್ಯುತ್ ಕಡಿತವಾಗಿ ಅದು ಜಾಲದಿಂದ ದೂರವಾಗಿದ್ದುದೇ ಇದಕ್ಕೆ ಕಾರಣ! ಅದರಲ್ಲಿದ್ದ ದತ್ತಾಂಶವನ್ನು ಕೈಯಲ್ಲಿ ಹೊತ್ತು ವಿಮಾನದ ಮೂಲಕ ಇಂಗ್ಲೆಂಡಿಗೆ ತಲುಪಿಸಲಾಯಿತು. ನಂತರದ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತೆಂದು ಸಂಸ್ಥೆಯ ಅಧ್ಯಕ್ಷರೇ 2018ರಲ್ಲಿ ತಿಳಿಸಿದರು. ನಮ್ಮಲ್ಲಿ ವಿದ್ಯುತ್ ಕಡಿತವನ್ನು ಯಾರೂ ಹೊಗಳುವುದಿಲ್ಲ. ಆದರೆ ಜಾಲದಿಂದ ಕಳಚಿಕೊಂಡಿರುವ ಒಂದು ಪ್ರತಿಯ ಬೆಲೆ ಎಷ್ಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ನಿದರ್ಶನ ದೊರೆಯಲಾರದು.

ನಮ್ಮ ದೇಶದಲ್ಲಿಯೇ ನಡೆದ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಐದು ಸರ್ವರ್‌ಗಳ ಮೇಲೆ ದಾಳಿ ನಡೆದು ಸುಮಾರು 1.3 ಟೆರಾಬೈಟ್ ದತ್ತಾಂಶ ಓದಲಾಗದಂತೆ ಗೂಢಲಿಪಿಗೆ ಬದಲಾಯಿತು. ರೋಗಿಗಳ ನೋಂದಣಿಯನ್ನು ಕಾಗದದ ಮೇಲೆ ಮಾಡಬೇಕಾಯಿತು. ದಾಳಿಗೆ ಸಿಲುಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್‌ನಿಂದ ಆಸ್ಪತ್ರೆಯ ದತ್ತಾಂಶವನ್ನೆಲ್ಲ ಮರಳಿ ಪಡೆಯಲಾಯಿತೆಂದೂ, ಎರಡು ವಾರಗಳ ನಂತರ ನೋಂದಣಿ, ದಾಖಲಾತಿ, ಬಿಡುಗಡೆ ಮೊದಲಾದ ಬಹುತೇಕ ಕಾರ್ಯಗಳು ಪುನರಾರಂಭವಾದುವೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ಮೀಸಲು ಪ್ರತಿಯಿದ್ದರೂ ಎರಡು ವಾರ ಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ಮರಳಿ ಪಡೆಯುವ ಪರೀಕ್ಷೆ

ತಾನಾಗಿ ನಡೆಯುವ ಕೆಲಸ ತಾನಾಗಿ ನಿಂತುಹೋಗುವುದೂ ಸಾಧ್ಯ. ನಿಂತದ್ದು ಯಾರಿಗೂ ತಿಳಿಯದಿರುವುದೇ ಇದರ ದೊಡ್ಡ ತೊಡಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ತಂತ್ರಜ್ಞರೊಬ್ಬರು ಬೇರೊಂದು ಸರ್ವರ್ ಎಂದು ಭ್ರಮಿಸಿ ಮುಖ್ಯ ಸರ್ವರ್‌ನ ದತ್ತಾಂಶವನ್ನು ಅಳಿಸಿದರು. ತಪ್ಪು ಅರಿವಾಗಿ ಕೈ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿ ನಾಲ್ಕೂವರೆ ಗಿಗಾಬೈಟ್ ಉಳಿದಿತ್ತು. ಪ್ರತಿದಿನದ ಬ್ಯಾಕಪ್ ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ದತ್ತಾಂಶದ ತಂತ್ರಾಂಶವನ್ನು ಹೊಸ ಆವೃತ್ತಿಗೆ ಬದಲಾಯಿಸಿದ್ದರೂ ಪ್ರತಿ ತೆಗೆಯುವ ಉಪಕರಣ ಹಳೆಯ ಆವೃತ್ತಿಯದೇ ಆಗಿದ್ದುದರಿಂದ ಅದು ಪ್ರತಿಬಾರಿಯೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು, ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿ. ಸಂಸ್ಥೆ ಇದನ್ನೆಲ್ಲ ಮರೆಮಾಚದೆ ಬಹಿರಂಗವಾಗಿ ಪ್ರಕಟಿಸಿದ್ದು ಶ್ಲಾಘನೀಯ.

ಪರದೆಯ ಮೂಲೆಯ ಹಸಿರು ಗುರುತನ್ನು ನಂಬಿ ಕುಳಿತುಕೊಳ್ಳಲಾಗದು. ತಿಂಗಳಿಗೊಮ್ಮೆ ಯಾವುದಾದರೊಂದು ಕಡತವನ್ನು ಆರಿಸಿ, ಮೀಸಲು ಪ್ರತಿಯಿಂದ ಅದನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ತೆರೆದು, ಮೊತ್ತಗಳನ್ನು ತಾಳೆ ನೋಡಬೇಕು. ಈ ಕೆಲಸವನ್ನು ಬ್ಯಾಕಪ್ ನೋಡಿಕೊಳ್ಳುವವರಲ್ಲದೆ ಇನ್ನೊಬ್ಬರು ಮಾಡುವುದು ಉತ್ತಮ. ಅವರು ರಜೆಯಲ್ಲಿದ್ದಾಗಲೂ ಕಚೇರಿ ನಡೆಯಬೇಕಲ್ಲವೆ? ಪ್ರತಿಯನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೆ ಅದರ ಗುಪ್ತಪದವನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನಲ್ಲಿಡಬೇಕು. ಹೊರನಾಡಿನ ಕನ್ನಡ ಸಂಘಗಳು ಇನ್ನೊಂದು ಮಾತನ್ನು ಗಮನಿಸಬೇಕು. ಯೂನಿಕೋಡ್ ಬಳಕೆ ಹರಡುವುದಕ್ಕೆ ಮುಂಚೆ ಸಿದ್ಧಪಡಿಸಿದ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು ಆಯಾ ತಂತ್ರಾಂಶದ ಅಕ್ಷರಶೈಲಿಯಿಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕಡತದೊಡನೆ ಅಕ್ಷರಶೈಲಿಯ ಪ್ರತಿಯನ್ನೂ ಇಡಬೇಕು.

ಪ್ರತಿಯನ್ನು ಎಲ್ಲಿಡಬೇಕು?

ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬುದು ತಜ್ಞರು ಒಪ್ಪಿರುವ ನಿಯಮ. ಮೂರನೆಯ ಮಾತನ್ನೇ ಜನ ಹೆಚ್ಚಾಗಿ ಕಡೆಗಣಿಸುತ್ತಾರೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಅಲ್ಲಿನ ವಾಚಕರು ಮರೆತಿರಲಾರರು. ಚೆನ್ನೈ ನಗರ 2015ರ ಡಿಸೆಂಬರಿನಲ್ಲಿ ಅಂತಹುದೇ ಪ್ರವಾಹವನ್ನು ಕಂಡಿತು. ನೆಲಮಹಡಿಯ ಕಚೇರಿಯಲ್ಲಿ ಯಂತ್ರವೂ, ಅದೇ ಮೇಜಿನ ಸೆಳೆಖಾನೆಯಲ್ಲಿ ಮೀಸಲು ಡಿಸ್ಕೂ ಇದ್ದರೆ ನೀರು ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಎರಡು ಡಿಸ್ಕುಗಳನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಅದಲುಬದಲು ಮಾಡಿ, ಒಂದನ್ನು ಗೂಢಲಿಪಿಯ ರಕ್ಷಣೆಯೊಡನೆ ಬೇರೆ ಬಡಾವಣೆಯಲ್ಲಿ ಇಡುವುದು ಸುಲಭ ಉಪಾಯ. ಅಂತರಜಾಲದ ಮೂಲಕ ದೂರದ ಸರ್ವರ್‌ಗೆ ಕಳುಹಿಸುವವರು ವೇಗವನ್ನು ಲೆಕ್ಕ ಹಾಕಿಕೊಳ್ಳಬೇಕು. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ 50 ಗಿಗಾಬೈಟ್ ಹೋಗಲು ಸುಮಾರು 11 ಗಂಟೆ ಬೇಕು. ಅದೇ ವೇಗದಲ್ಲಿ ಮರಳಿ ತರಲೂ ಅಷ್ಟೇ ಹೊತ್ತು.

ಕಂಪನಿಗಳಿಗೆ ಇದು ಇಷ್ಟಾನಿಷ್ಟದ ವಿಷಯವಲ್ಲ. ಗಣಕಯಂತ್ರದಲ್ಲಿರುವ ಲೆಕ್ಕಪುಸ್ತಕಗಳ ಮೀಸಲು ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನವೂ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ವಿಧಿಸಿವೆ. ಅದಕ್ಕೆ ಮುಂಚೆ ನಿಯತಕಾಲಕ್ಕೊಮ್ಮೆ ಇಟ್ಟರೆ ಸಾಕಾಗಿತ್ತು.

ಕಡತಗಳು ಒಂದೊಂದಾಗಿ ತೆರೆಯಲಾಗದಂತಾಗುತ್ತಿದ್ದರೆ ಮೊದಲು ಜಾಲದ ತಂತಿಯನ್ನು ಕಳಚಬೇಕು. ಸರ್ಟ್-ಇನ್ ಎಂದು ಪರಿಚಿತವಾಗಿರುವ ಭಾರತೀಯ ಗಣಕ ತುರ್ತು ಸ್ಪಂದನಾ ತಂಡಕ್ಕೆ ಇಂತಹ ದಾಳಿಯನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಸಂಸ್ಥೆಗಳಿಗೆ ಸೂಚಿಸುತ್ತದೆ. ಗಾಬರಿಯಲ್ಲಿ ಮೀಸಲು ಡಿಸ್ಕನ್ನು ತಂದು ಅದೇ ಯಂತ್ರಕ್ಕೆ ಜೋಡಿಸಿದರೆ ಅದೂ ಕೈಬಿಡುತ್ತದೆ. ಯಂತ್ರವನ್ನು ಪೂರ್ಣವಾಗಿ ಅಳಿಸಿ ಹೊಸದಾಗಿ ಸಜ್ಜುಗೊಳಿಸುವವರೆಗೆ ಆ ಡಿಸ್ಕು ಬೀರುವಿನಲ್ಲಿಯೇ ಇರಲಿ.